ಮಿನುಗು ಮೇಲೆ, ಮಂಕು ಕೆಳಗೆ

ಮಾರ್ಚ್ ೩, ಸೋಮವಾರ

ಊರಿನ ಆ ತುದಿಯಿಂದ ಇವರ ಅಪ್ಪ, ನನ್ನ ಮಾವ, ಬಂದಿಳಿದರು. ಜೊತೆಗೆ ಮೂರು ತಗಡಿನ ಪೆಟ್ಟಿಗೆ, ಒಂದು ಟೇಬಲ್ ಗಡಿಯಾರ, ಕಂಬಳಿ ಸುತ್ತಿದ ಒಂದು ಯಂತ್ರ. ಟ್ಯಾಕ್ಸಿಯವನು ಯಂತ್ರಕ್ಕೆ ಕೈ ಹಾಕಿದಾಗ, "ಬಿಡಪ್ಪ, ಅದು ನನಗಿಂತ ನಾಜೂಕು" ಅಂದರು. ಇಷ್ಟೆಲ್ಲ ಜೋಪಾನದಲ್ಲಿ ಬಟ್ಟೆಯ ಚೀಲ ಟ್ಯಾಕ್ಸಿಯಲ್ಲೇ ಉಳಿಯಿತು. ಪುಣ್ಯಾತ್ಮ ಸಂಜೆ ತಂದುಕೊಟ್ಟ.

ಎರಡೂ ಕಣ್ಣಿಗೆ ಪೊರೆ. ನಲವತ್ತು ವರ್ಷ ವಾಚ್ ರಿಪೇರಿ ಮಾಡಿದ ಮನುಷ್ಯ. ಈಗ ಲೋಕವೆಲ್ಲ ಹಾಲಿನ ಲೋಟದೊಳಗಿಂದ ನೋಡಿದ ಹಾಗೆ ಕಾಣುತ್ತದಂತೆ. ಆಪರೇಷನ್ನಿಗೆ ಅಂತ ಮಗ ಇಲ್ಲಿಗೆ ಕರೆಸಿದರು. ಕರೆಸಿ, ತಾವು ಎರಡು ತಿಂಗಳಿಗೆ ಸೇತುವೆ ಕಟ್ಟಲು ಹೊರಟರು. ಹೊಳೆಯ ಎರಡು ದಡ ಜೋಡಿಸುವವರಿಗೆ ಅಪ್ಪನನ್ನೂ ಹೆಂಡತಿಯನ್ನೂ ಜೋಡಿಸಿ ಹೋಗುವುದು ಯಾವ ಲೆಕ್ಕ? ಮದುವೆಯಾಗಿ ಇಪ್ಪತ್ತು ವರ್ಷ. ಅಷ್ಟರಲ್ಲಿ ಮಾವನೂ ನಾನೂ ಆಡಿದ ಮಾತನ್ನೆಲ್ಲ ಒಂದು ಪೋಸ್ಟ್ ಕಾರ್ಡಿನಲ್ಲಿ ಬರೆದು ವಿಳಾಸಕ್ಕೂ ಜಾಗ ಬಿಡಬಹುದು.

ಬಂದ ಒಂದು ಗಂಟೆಯಲ್ಲಿ ಹಾಲ್‌ನ ಕ್ಯಾಲೆಂಡರ್ ಕೆಳಗಿಳಿಯಿತು. ಆ ಮೊಳೆಗೆ ಅವರ ಫೋಟೋ ಏರಿತು: ಮೂಗಿನಂಥ ಒಂದು ಬೆಟ್ಟ, ಅದರ ಬಲಕ್ಕೆ ಒಂದು ಕೊಳ. ಕಪ್ಪು ಬಿಳುಪು. ಆಮೇಲೆ ಹಿಂದಿನ ಬಚ್ಚಲುಮನೆಯ ಕಿಟಕಿಗೆ ಕಂಬಳಿ ಹೊಡೆದು, "ಇದು ಇನ್ಮೇಲೆ ಡಾರ್ಕ್‌ರೂಮು, ಫೋಟೋ ತೊಳೆಯೋಕೆ" ಅಂದರು. ಕೇಳಿದ್ದಲ್ಲ, ತಿಳಿಸಿದ್ದು.

ಈ ಡೈರಿಯ ಬಗ್ಗೆ ಒಂದು ಮಾತು ಬರೆದಿಡಬೇಕು. ಪ್ರೆಸ್ಸಿನಲ್ಲಿ ಪ್ರೂಫ್ ನೋಡುವವಳು ನಾನೇ. ತಪ್ಪು ಹುಡುಕಿ ಹೊಟ್ಟೆ ಹೊರೆಯುವವಳ ಕಣ್ತಪ್ಪಿ ಈ ವರ್ಷದ ಡೈರಿಯಲ್ಲಿ ಫೆಬ್ರವರಿಗೆ ಮೂವತ್ತು ದಿನ ಬಂದಿದೆ. ಐನೂರು ಪ್ರತಿ ವಾಪಸ್. ಮಾಲೀಕರು ಬೈಯಲಿಲ್ಲ, ನನಗೆ ಆರು ಪ್ರತಿ ಉಡುಗೊರೆ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಮಾರ್ಚ್ ೬, ಗುರುವಾರ

ವಿಷಯ ಇದು. ಆಪರೇಷನ್ನಿಗೆ ಮುಂಚೆ ಅವರಿಗೆ ಹನ್ನೆರಡು ದೊಡ್ಡ ಪ್ರಿಂಟ್ ಬೇಕು. ಹಿಂದೆ ಬೆಟ್ಟ ಹತ್ತಿ, ಟೆಂಟ್ ಹಾಕಿ, ರೀಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳದ್ದು.

"ಕಣ್ಣಿನ ಕಟ್ಟು ಬಿಚ್ಚಿದ ಮೇಲೆ ಮೊದಲು ನೋಡೋಕೆ ಏನಾದ್ರೂ ಬೇಕಲ್ಲಮ್ಮ."

"ನಾನಿರ್ತೀನಲ್ಲ."

"ಅದಕ್ಕೇ. ಬೆಟ್ಟ ನೋಡ್ತೀನಿ."

ಮಧ್ಯಾಹ್ನ ಪ್ರೆಸ್ಸಿನಿಂದ ಬಂದವಳೇ ಅವರ ಕಣ್ಣಾಗಿ ನೇಮಕವಾದೆ. ಕೆಂಪು ದೀಪ, ಮೂರು ಟ್ರೇ, ಇಬ್ಬರು ಮನುಷ್ಯರು, ನಡುವೆ ಬಕೆಟ್ಟು. ಮೊದಲ ಪಾಠ: ನೆಗೆಟಿವ್‌ಗೆ ಎರಡು ಮೈ. ಒಂದು ಮಿನುಗು, ಒಂದು ಮಂಕು. ಅವರು ತಂದ ಯಂತ್ರ ನೆಗೆಟಿವ್‌ನ ಚಿತ್ರವನ್ನು ಹಾಳೆಯ ಮೇಲೆ ದೊಡ್ಡದಾಗಿ ಬೀಳಿಸುತ್ತದೆ. ಅದಕ್ಕೆ ಹಾಕುವಾಗ ಮಿನುಗು ಮೇಲೆ, ಮಂಕು ಕೆಳಗೆ. ತಿರುಗಿಸಿ ಹಾಕಿದರೆ ಲೋಕದ ಎಡ ಬಲಕ್ಕೆ ಹೋಗುತ್ತದೆ, ಬಲ ಎಡಕ್ಕೆ ಬರುತ್ತದೆ.

"ನಿಮಗೆ ಕಾಣಲ್ವಲ್ಲ, ಹೇಗೆ ಗೊತ್ತಾಗತ್ತೆ?"

ನೆಗೆಟಿವ್‌ನ ಅಂಚನ್ನು ಕೆಳತುಟಿಗೆ ಮುಟ್ಟಿಸಿಕೊಂಡರು. "ಮಂಕು ಮೈ ತುಟಿಗೆ ಅಂಟತ್ತೆ. ಮಿನುಗು ಜಾರತ್ತೆ." ಒಂದು ಬೆಟ್ಟಕ್ಕೆ ಮುತ್ತು ಕೊಟ್ಟ ಹಾಗಿತ್ತು. ಮನುಷ್ಯರ ವಿಷಯದಲ್ಲಿ ಇಷ್ಟು ಧಾರಾಳ ಕಂಡಿಲ್ಲ.

ಹಾಳೆಗೆ ಎಂಟು ಸೆಕೆಂಡ್ ಬೆಳಕು ಬಿಡಬೇಕು, ಗಡಿಯಾರದ ಟಿಕ್ಕು ಎಣಿಸುತ್ತಾ. ನನಗೆ ಐದಾದ ಮೇಲೆ ಟಿಕ್ಕು ಯಾವುದು, ನಲ್ಲಿಯ ಹನಿ ಯಾವುದು ತಿಳಿಯಲಿಲ್ಲ. ನಾಲ್ಕು ಹಾಳೆ ಹಾಳು. ಐದನೆಯದರಲ್ಲಿ ಕೊನೆಗೂ ಒಂದು ಕಲ್ಲು ಬಂತು.

"ಏನು ಬಂತು?"

"ಕಲ್ಲು."

"ಎಂಥ ಕಲ್ಲು?"

"ಕಲ್ಲಿನಂಥ ಕಲ್ಲು."



ಮಾರ್ಚ್ ೮, ಶನಿವಾರ

ಉಪಾಯ ಸಿಕ್ಕಿತು. ಟಿಕ್ಕು ಎಣಿಸುವುದು ಬಿಟ್ಟು ಪ್ರಾಸ ಕಟ್ಟಿದೆ. ಮನಸ್ಸಿನಲ್ಲೇ ಒಂದೇ ಹದದಲ್ಲಿ ಹೇಳಿದರೆ ಸರಿಯಾಗಿ ಎಂಟು ಸೆಕೆಂಡ್:

ಬೆಟ್ಟದ ತಲೆಗೆ ಮೋಡದ ಟೋಪಿ,
ಕೆಟ್ಟರೆ ಹಾಳೆ ನಾನೇ ಪಾಪಿ.

ಮೂರು ಹಾಳೆಯೂ ಸರಿಯಾಗಿ ಬಂದವು. ಮನಸ್ಸಿನಲ್ಲಿ ಅಂದುಕೊಂಡದ್ದು ಬಾಯಿಗೆ ಬಂದಿತ್ತೆಂದು ಕಾಣುತ್ತದೆ. ಕತ್ತಲಲ್ಲಿ ಅವರು, "ಎರಡನೇ ಸಾಲು ಕಾಲು ಸೆಕೆಂಡ್ ಉದ್ದ ಇದೆ" ಅಂದರು.

ಊಟಕ್ಕೆ ಕೂತರೆ ಬೇಯಿಸಿದ ತರಕಾರಿಯನ್ನೂ ಚಮಚದಲ್ಲಿ ಒತ್ತಿ ಒತ್ತಿ ಒಂದೇ ದವಡೆಯಲ್ಲಿ ಅಗಿಯುತ್ತಾರೆ. ಬ್ರೆಡ್ಡಿನ ಅಂಚು ತಟ್ಟೆಯಲ್ಲೇ. ನನ್ನ ಅಡುಗೆಯನ್ನು ಮಾತಿಲ್ಲದೆ ಟೀಕಿಸುವ ಹೊಸ ವಿಧಾನ ಇರಬೇಕು.

ಮಾರ್ಚ್ ೧೧, ಮಂಗಳವಾರ

ಅಡುಗೆಯ ಟೀಕೆಯಲ್ಲ. ಹಲ್ಲು.

ಕಣ್ಣಿನ ಡಾಕ್ಟರಮ್ಮ ಕಣ್ಣು ನೋಡಿ, ಕೆನ್ನೆ ನೋಡಿ, ಬಾಯಿ ತೆಗೆಸಿದರು. ದವಡೆ ಹಲ್ಲಿನ ಬುಡದಲ್ಲಿ ಕೀವು. ಅದು ಹೋಗುವವರೆಗೂ ಕಣ್ಣು ಮುಟ್ಟುವುದಿಲ್ಲ, ಹಲ್ಲಿನ ಡಾಕ್ಟರ ಚೀಟಿ ತನ್ನಿ ಅಂದರು. ನನ್ನನ್ನು ಪಕ್ಕಕ್ಕೆ ಕರೆದು, "ಎಡಗಣ್ಣಿನ ಪೊರೆ ತುಂಬಾ ಬಲಿತಿದೆ. ಏಪ್ರಿಲ್ ದಾಟಿದ್ರೆ, ಆಪರೇಷನ್ ಮಾಡಿದ್ರೂ ಪೂರ್ತಿ ದೃಷ್ಟಿ ಬರತ್ತೆ ಅಂತ ನಾನು ಹೇಳಲ್ಲ" ಅಂದರು.

ಆಟೋದಲ್ಲಿ ನಾನು, "ನಮ್ಮ ಬೀದಿ ಕೊನೇಲೇ ಒಬ್ಬ ಹಲ್ಲಿನ ಡಾಕ್ಟರ್ ಇದಾರೆ. ನಾಳೆ ಹೋಗೋಣ."

"ಬೇಡ. ನನಗೊಬ್ಬ ಹಲ್ಲಿನ ಡಾಕ್ಟರ್ ಇದಾನೆ."

"ಹಾಗಾದ್ರೆ ಅವರ ಹತ್ರಾನೇ ಹೋಗೋಣ."

"ಅವನ ಜೊತೆ ನನಗೆ ಮಾತಿಲ್ಲ."

"ಎಷ್ಟು ದಿನದಿಂದ?"

"ಹದಿನೆಂಟು ವರ್ಷದಿಂದ."

ಆಟೋದವನು ಕನ್ನಡಿಯಲ್ಲಿ ನನ್ನನ್ನೇ ನೋಡಿದ. ನಾನೇನು ಮಾಡಲಿ?

ಮಾರ್ಚ್ ೧೨, ಬುಧವಾರ

ಬೀದಿ ಕೊನೆಯ ಡಾಕ್ಟರು: ಬೇಡ. ಪ್ರೆಸ್ ಪಕ್ಕದವರು: ಬೇಡ. ಫೋನಿನಲ್ಲಿ ಮಗ ಗದರಿದ್ದಕ್ಕೆ: "ನೀನು ಸೇತುವೆ ನೋಡ್ಕೊ." ಎಡಗೆನ್ನೆ ಊದಿದೆ. ನಾನು ಕೇಳಿದರೆ, "ಬಚ್ಚಲ ಬೆಳಕಿಗೆ ಹಾಗೆ ಕಾಣತ್ತೆ."

ಮಾರ್ಚ್ ೧೫, ಶನಿವಾರ

ಇವತ್ತು ಮೂರು ಪ್ರಿಂಟ್. ಹಗ್ಗದ ಮೇಲೆ ಒಣಗುತ್ತಿರುವ ಎರಡು ಜೊತೆ ಕಾಲುಚೀಲ, ಹಿಂದೆ ಹಿಮದ ಸಾಲು. ಕಲ್ಲಿನ ಮೇಲೆ ಕೆಟಲ್. ಒಂದು ತೊರೆ, ನೀರು ನೀರಿನಂತಿಲ್ಲ, ಬಾಚಿದ ಹತ್ತಿಯಂತಿದೆ. ನೀರು ಹರಿಯುವಷ್ಟೂ ಹೊತ್ತು ಕ್ಯಾಮೆರಾದ ಕಣ್ಣು ತೆರೆದಿಟ್ಟರೆ ಹಾಗೆ ಬರುತ್ತದಂತೆ. ಬಿಳಿ ಹಾಳೆಯೊಳಗಿಂದ ಅದು ನಿಧಾನ ಎದ್ದು ಬರುವಾಗ ನನ್ನ ಪ್ರಾಸ ಅರ್ಧಕ್ಕೇ ನಿಂತಿತ್ತು. ಬಸ್ ನಿಲ್ದಾಣದ ಆಚೆ ನಾನು ನಡೆದವಳಲ್ಲ.

ಕಾಲುಚೀಲ ಎರಡು ಜೊತೆ ಯಾಕೆ ಅಂತ ಕೇಳಿದೆ. ಕತ್ತಲಲ್ಲಿ ಮನುಷ್ಯ ಬಾಯಿ ಬಿಡುವುದು ಸುಲಭ ಎಂದು ಕಾಣುತ್ತದೆ.

ಮಾವನೂ ಆ ಹಲ್ಲಿನ ಡಾಕ್ಟರೂ ಇಪ್ಪತ್ತು ವರ್ಷ ಜೊತೆಯಲ್ಲಿ ಬೆಟ್ಟ ಹತ್ತಿದವರು. ಹಾಲ್‌ನ ಫೋಟೋದ ಬೆಟ್ಟಕ್ಕೆ 'ಒಂಟಿಮೂಗು' ಅಂತ ಹೆಸರಿಟ್ಟವರೂ ಅವರೇ. ಮೊದಲ ಸಲ ಬೇಸಿಗೆಯಲ್ಲಿ ಹೋಗಿ ಕೊಳದ ಪಕ್ಕ ಟೆಂಟ್ ಹಾಕಿದ್ದರು. ಹನ್ನೊಂದು ವರ್ಷ ಬಿಟ್ಟು ಎರಡನೇ ಸಲ ಹೋದಾಗ ಮಂಜು. ದಾರಿ ಕವಲೊಡೆಯುವ ಕಡೆ ಒಂದು ಸೀಳು ಬಂಡೆ. ಡಾಕ್ಟರು, "ಕೊಳ ಎಡಕ್ಕೆ" ಅಂದರು. ಮಾವ ಜೇಬಿನಿಂದ ಫೋಟೋದ ಚಿಕ್ಕ ಪ್ರತಿ ತೆಗೆದು, "ನೋಡು, ಬಲಕ್ಕೆ" ಅಂದರು.

"ಅವನು ನೆನಪು ಅಂದ. ನಾನು ಸಾಕ್ಷಿ ಅಂದೆ."

ಬಲಕ್ಕೇ ಹೋದರು. ನೀರಿಲ್ಲ, ಕೊಳವಿಲ್ಲ, ಇಳಿಜಾರು. ಡಾಕ್ಟರ ಕಾಲು ಉಳುಕಿತು. ಒದ್ದೆ ಬಂಡೆಗೆ ಒರಗಿ ಬೆಳಗು ಮಾಡಿದರು. ಮಂಜು ಕರಗಲೇ ಇಲ್ಲ, ಬಂದ ದಾರಿಯಲ್ಲೇ ಕುಂಟಿಕೊಂಡು ಇಳಿದರು.

"ಇಳಿದ ಮೇಲೆ ಅವನು, ನಿನ್ನ ಫೋಟೋ ಸುಳ್ಳು ಅಂದ. ಫೋಟೋ ಸುಳ್ಳು ಹೇಳತ್ತೇನಮ್ಮ? ನೀನು ನಿಧಾನ ನಡೆದೆ, ಅದಕ್ಕೇ ಸಿಗಲಿಲ್ಲ ಅಂದೆ."

"ಕಾಲು ಉಳುಕಿದವರಿಗೆ?"

ಟಿಕ್ಕು ಟಿಕ್ಕು ಟಿಕ್ಕು. "ಹಾಳೆ ಮೇಲೆತ್ತು, ಕಪ್ಪಾಗತ್ತೆ" ಅಂದರು.

ಮಾರ್ಚ್ ೧೯, ಬುಧವಾರ

ಎಂಟು ಪ್ರಿಂಟ್ ಆಯಿತು. ಹನ್ನೆರಡು ಸೆಕೆಂಡಿಗೆ ಹೊಸ ಪ್ರಾಸ:

ಕಲ್ಲು ಬಂತು, ಕೊಳವೂ ಬಂತು, ದಡದ ಹುಲ್ಲು ಬಂತು;
ಹಲ್ಲುನೋವಿನ ಮುಖವ ಬಿಟ್ಟು ಮಿಕ್ಕಿದ್ದೆಲ್ಲ ಬಂತು.

ಮಾವ ನಕ್ಕರು. ನಕ್ಕಿದ್ದಕ್ಕೆ ಹಲ್ಲು ನೋವಾಗಿ, ನನಗೇ ಬೈದರು.

ಮಾರ್ಚ್ ೨೩, ಭಾನುವಾರ

ಒಂಟಿಮೂಗಿನ ಸರದಿ. ನೆಗೆಟಿವ್ ಪಟ್ಟಿಯನ್ನು ನಾನೊಬ್ಬಳೇ ಹಾಕಿದೆ. ಮಾವ ಬಿಸಿನೀರಿನ ಚೀಲ ಕೆನ್ನೆಗೆ ಒತ್ತಿಕೊಂಡು ಮಲಗಿದ್ದರು. ಮಿನುಗು ಮೇಲೆ, ಮಂಕು ಕೆಳಗೆ. ಪ್ರಿಂಟ್ ಬಂತು. ಹಾಲ್‌ನ ಫೋಟೋ ಪಕ್ಕ ಹಿಡಿದೆ. ಕೊಳ ಎಡಕ್ಕಿದೆ.

ತಪ್ಪು ನನ್ನದೇ ಅಂದುಕೊಂಡೆ. ತುಟಿಗಿಟ್ಟು ನೋಡಿದೆ, ಸರಿಯಾಗೇ ಇದೆ. ಇನ್ನೊಂದು ಮಾಡಿದೆ. ಎಡಕ್ಕೇ. ಬೇಕೆಂದೇ ತಿರುಗಿಸಿ ಹಾಕಿ ಮೂರನೆಯದು ಮಾಡಿದೆ. ಅಚ್ಚು ಹಾಲ್‌ನದರಂತೆಯೇ ಬಂತು.

ಪೆಟ್ಟಿಗೆಯಿಂದ ಅವರ ವಾಚ್ ರಿಪೇರಿಯ ಕಣ್ಣುಗಾಜು ತೆಗೆದೆ. ಅದೇ ಪಟ್ಟಿಯ ಪಕ್ಕದ ಚಿತ್ರದಲ್ಲಿ ಗಡ್ಡದ ಒಬ್ಬ ತರುಣ ಟೆಂಟಿನ ಮುಂದೆ ನಿಂತಿದ್ದಾನೆ. ಡಾಕ್ಟರೇ ಇರಬೇಕು. ಪಟ್ಟಿಯನ್ನು ಸರಿಯಾಗಿ ಹಿಡಿದರೆ ಅವರ ಶರ್ಟಿನ ಜೇಬು ಎಡಗಡೆ. ತಿರುಗಿಸಿದರೆ ಬಲಗಡೆ. ಗಂಡಸರ ಶರ್ಟಿಗೆ ಬಲಗಡೆ ಒಂಟಿ ಜೇಬು ಹೊಲಿಯುವ ದರ್ಜಿ ಇನ್ನೂ ಹುಟ್ಟಿಲ್ಲ.

ಬದುಕಿನಲ್ಲಿ ಸಾವಿರಾರು ತಪ್ಪು ಹಿಡಿದಿದ್ದೇನೆ. ಹಿಡಿದು ಬೇಜಾರಾದ ತಪ್ಪು ಇದೊಂದೇ.

ಮಾರ್ಚ್ ೨೪, ಸೋಮವಾರ

ಎಲ್ಲ ಕೇಳಿದ ಇವರು ಫೋನಿನಲ್ಲಿ, "ಅಪ್ಪನಿಗೆ ಹೇಳಬೇಡ. ಆಪರೇಷನ್ ಮುಗೀಲಿ."

"ಹಲ್ಲು ಸರಿಯಾಗದೆ ಆಪರೇಷನ್ ಇಲ್ಲ. ಡಾಕ್ಟರ ಜೊತೆ ರಾಜಿಯಾಗದೆ ಹಲ್ಲಿಲ್ಲ."

"ಅಪ್ಪನಿಗೆ ನಿಮ್ಮದು ತಪ್ಪು ಅಂತ ಹೇಳಿದವರು ಯಾರೂ ಇಲ್ಲ ಕಣೇ. ನಾನಂತೂ ಹೇಳಿಲ್ಲ."

"ಅದಕ್ಕೇ ನೀವು ದೂರ ದೂರ ಸೇತುವೆ ಕಟ್ತೀರ."

ಸ್ವಲ್ಪ ಜಾಸ್ತಿಯಾಯಿತು. ನಾಳೆ ಸಮಾಧಾನ ಮಾಡಬೇಕು.

ಮಾರ್ಚ್ ೨೬, ಬುಧವಾರ

ಹೇಳಿದೆ.

ಕೆಂಪು ದೀಪದಲ್ಲಿ ಹೇಳಿದೆ, ಮುಖ ಕಾಣದಿರಲಿ ಅಂತ. ಹನ್ನೆರಡನೇ ಪ್ರಿಂಟ್‌ಗೆ ಬೆಳಕು ಬಿಟ್ಟಿದ್ದೆ. ಪ್ರಾಸ ಶುರು ಮಾಡಬೇಕಾದ ಬಾಯಲ್ಲಿ, "ಮಾವ, ಹಾಲ್‌ನಲ್ಲಿರೋ ಫೋಟೋ ತಿರುಗಿ ಬಂದಿದೆ. ಕೊಳ ಎಡಕ್ಕಿತ್ತು" ಅಂದೆ.

"ಯಾರು ಹೇಳಿದ್ದು?"

"ಡಾಕ್ಟರ ಜೇಬು."

ಜೇಬಿನ ಕಥೆಯೆಲ್ಲ ಹೇಳಿದೆ. ಅವರು ನೆಗೆಟಿವ್ ಪಟ್ಟಿ ಕೇಳಿದರು, ತುಟಿಗಿಟ್ಟುಕೊಂಡರು, ತೆಗೆದರು, ಮತ್ತೆ ಇಟ್ಟುಕೊಂಡರು.

"ಈ ಯಂತ್ರ ತಂದ ದಿನ ಮೊದಲು ಮಾಡಿದ ಪ್ರಿಂಟ್ ಅದು. ತುಟಿಗಿಡೋದು ಆಗ ನನಗೆ ಗೊತ್ತಿರಲಿಲ್ಲ. ಅಷ್ಟು ಖುಷಿ. ಆಮೇಲೆ ಅದನ್ನ ಇನ್ನೊಂದು ಸಲ ಮಾಡಲೇ ಇಲ್ಲ. ಚಿಕ್ಕ ಪ್ರತೀನೂ ಆ ಪ್ರಿಂಟ್‌ನಿಂದಲೇ ತೆಗೆದಿದ್ದು." ಪಟ್ಟಿ ವಾಪಸ್ ಕೊಟ್ಟು, "ಎಷ್ಟಾಯ್ತು?"

"ಏನು?"

"ಸೆಕೆಂಡು."

"ಗೊತ್ತಿಲ್ಲ ಮಾವ. ಎಣಿಸಲಿಲ್ಲ."

ಹಾಳೆಯನ್ನು ಟ್ರೇಯಲ್ಲಿ ಮುಳುಗಿಸಿದೆ. ಇದ್ದಲಿನಷ್ಟು ಕಪ್ಪಾಯಿತು. ಏನಾದರೂ ಹೇಳಬೇಕಲ್ಲ ಅಂತ, "ನಾನು ಫೆಬ್ರವರಿಗೆ ಮೂವತ್ತು ದಿನ ಕೊಟ್ಟವಳು" ಅಂದೆ.

"ಅದರಿಂದ ಯಾರದ್ದಾದ್ರೂ ಕಾಲು ಉಳುಕಿತಾ?"

"ಇಲ್ಲ."

"ಹಾಗಾದ್ರೆ ಸುಮ್ನಿರು."

ಮಾರ್ಚ್ ೨೭, ಗುರುವಾರ

ಮಾವನಿಗೆ ಇಡೀ ದಿನಕ್ಕೆ ಟೀ ಎರಡು ಲೋಟ, ಬ್ರೆಡ್ ಅರ್ಧ ಚೂರು.

ಮಾರ್ಚ್ ೨೮, ಶುಕ್ರವಾರ

ಹಾಲ್‌ನ ಫೋಟೋ ಗೋಡೆಗೆ ಮುಖ ಮಾಡಿದೆ. ಗಡಿಯಾರಕ್ಕೆ ಕೀ ಕೊಟ್ಟಿಲ್ಲ. ನಾಲ್ಕು ಹತ್ತಕ್ಕೆ ನಿಂತಿದೆ. ನಾನೇ ಕೀ ಕೊಡಲು ಹೋಗಿ, ಬೇಡ ಅನ್ನಿಸಿ ಬಿಟ್ಟೆ.

ಮಾರ್ಚ್ ೩೦, ಭಾನುವಾರ

ಬೆಳಗ್ಗೆ ಎದ್ದಾಗ ಟಿಕ್ಕು ಕೇಳಿಸಿತು. ಹಾಸಿಗೆಯಲ್ಲೇ ಒಂದು ನಿಮಿಷ ಸುಮ್ಮನೆ ಕೇಳಿಸಿಕೊಂಡೆ.

"ಬಾಮ್ಮ, ಒಂದು ಪ್ರಿಂಟ್ ಮಾಡು. ಸರಿಯಾದ್ದು."

ಎಂಟು ಸೆಕೆಂಡ್. ಈ ಸಲ ಟಿಕ್ಕು ಅವರು ಎಣಿಸಿದರು, ಜೋರಾಗಿ. ಪ್ರಿಂಟ್ ಒಣಗಿದ ಮೇಲೆ ಅದರ ಬೆನ್ನಿಗೆ ಪೆನ್ಸಿಲಿನಲ್ಲಿ ಬೆರಳ ಅಂದಾಜಿನ ಮೇಲೆ ಏನೋ ಬರೆದರು. ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಡಾಕ್ಟರ ಹೆಸರು ಬರೆದರು.

"ಅವನಿಗೆ ಕೊಟ್ಟು ಬಾ. ನೀನು ಓದಬೇಡ."

"ಪ್ರೂಫ್ ನೋಡೋದೇ ನನ್ನ ಕೆಲಸ ಮಾವ."

"ಅದರಲ್ಲಿ ತಿದ್ದೋಕೆ ಏನೂ ಇಲ್ಲ."

ಡಾಕ್ಟರು ಬಾರದಿದ್ದರೆ? ಕೇಳಲಿಲ್ಲ. ಡಾಕ್ಟರಮ್ಮ ಹೇಳಿದ ಗಡುವಿಗೆ ಇನ್ನು ಒಂದೇ ತಿಂಗಳು.

ಮಾರ್ಚ್ ೩೧, ಸೋಮವಾರ

ಎರಡು ಬಸ್ ಬದಲಾಯಿಸಿ ಹೋದೆ. ಮಾವನ ಮುಚ್ಚಿದ ವಾಚಿನಂಗಡಿಯ ಎದುರು ಸಾಲಿನಲ್ಲೇ ಡಾಕ್ಟರ ಶಾಪು. ಹದಿನೆಂಟು ವರ್ಷ ಇಬ್ಬರೂ ರಸ್ತೆಯ ಈಚೆ ಆಚೆ ಕೂತು ಒಬ್ಬರನ್ನೊಬ್ಬರು ನೋಡದೆ ಇದ್ದರೆಂದರೆ ಕತ್ತಿಗೆ ಎಂಥ ವ್ಯಾಯಾಮ ಆಗಿರಬೇಕು.

ಕೌಂಟರಿನ ಹುಡುಗಿ, "ಏನು ತೊಂದರೆ?"

"ನನಗಲ್ಲ, ಮಾವನಿಗೆ."

"ಮಾವ ಎಲ್ಲಿ?"

"ಇದರಲ್ಲಿ," ಅಂತ ಲಕೋಟೆ ತೋರಿಸಿದೆ. ಬೇಗ ಒಳಗೆ ಬಿಟ್ಟಳು.

ಗಡ್ಡ ಬೆಳ್ಳಗಾಗಿದೆ, ಅಷ್ಟೇ ವ್ಯತ್ಯಾಸ. ಜೇಬು ಎಡಗಡೆ. ಲಕೋಟೆಯ ಅಕ್ಷರ ನೋಡಿದ ಕೂಡಲೇ ಕೈಗವಸು ತೆಗೆದರು. ಪ್ರಿಂಟ್ ನೋಡಿದರು, ಬೆನ್ನು ತಿರುಗಿಸಿದರು, ರೋಗಿಗಳ ಕುರ್ಚಿಯಲ್ಲಿ ತಾವೇ ಕೂತುಬಿಟ್ಟರು. ಆಮೇಲೆ ನನಗೂ ತೋರಿಸಿದರು. ಬೆಟ್ಟ ಹತ್ತಿದ ಹಾಗೆ ಮೇಲಕ್ಕೇರಿದ ಎರಡು ಪದ: ಎಡಕ್ಕೇ ಇತ್ತು.

"ಫಿಲ್ಮ್ ತಿರುಗಿಸಿ ಹಾಕಿದ್ನಾ?"

"ಹೂಂ."

ಮೇಜಿನ ಮೇಲಿದ್ದ ಒಂದು ಹಲ್ಲಿನ ಎಕ್ಸ್‌ರೇ ಎತ್ತಿ, ಅದರ ಮೂಲೆಯನ್ನು ನನ್ನ ಬೆರಳಿಗೆ ಮುಟ್ಟಿಸಿದರು. ಸಾಸಿವೆಯಷ್ಟು ಒಂದು ಉಬ್ಬು. "ಎಡ ಬಲ ತಪ್ಪದೇ ಇರಲಿ ಅಂತ ಇದನ್ನ ಇಟ್ಟಿರ್ತಾರಮ್ಮ. ದಿನಕ್ಕೆ ಹತ್ತು ಸಲ ಸವರಿ ನೋಡ್ತೀನಿ. ಹದಿನೆಂಟು ವರ್ಷದಲ್ಲಿ ಒಂದ್ಸಲಾನಾದ್ರೂ ನನಗೆ ಹೊಳೀಬೇಕಿತ್ತಲ್ಲ. ನಾನೇ ಸರಿ ಅನ್ನೋ ಜಂಬದಲ್ಲಿ, ಅವನು ಯಾಕೆ ತಪ್ಪಿದ ಅಂತ ಯೋಚನೇನೇ ಮಾಡ್ಲಿಲ್ಲ." ಎಕ್ಸ್‌ರೇ ಕೆಳಗಿಟ್ಟು, "ಅವನ ಹಲ್ಲು ಈಗ ಯಾರು ನೋಡ್ತಿದಾರೆ?"

"ಯಾರೂ ಇಲ್ಲ."

"ಈಗಲ್ಲಮ್ಮ, ಇಷ್ಟು ವರ್ಷ?"

"ಯಾರೂ ಇಲ್ಲ. ನನಗೊಬ್ಬ ಡಾಕ್ಟರ್ ಇದಾನೆ ಅಂತಾರೆ. ಬೇರೆಯವರ ಹತ್ರ ಹೋಗಲ್ಲ. ಕೀವಾಗಿದೆ. ಅದು ವಾಸಿಯಾಗದೆ ಕಣ್ಣಿನ ಆಪರೇಷನ್ ಮಾಡಲ್ವಂತೆ."

ಡಾಕ್ಟರು ಎದ್ದು ಚೀಲ ತೆಗೆದುಕೊಂಡರು. ಹುಡುಗಿ, "ಹೊರಗೆ ನಾಲ್ಕು ಜನ ಇದಾರೆ ಸಾರ್" ಅಂದಳು.

"ಅವರ ಹಲ್ಲು ನಾಳೆವರೆಗೂ ಬಾಯಲ್ಲೇ ಇರತ್ತೆ."

ಮಾವ ಹಾಲ್‌ನಲ್ಲಿ ಕೂತಿದ್ದರು. ಹೆಜ್ಜೆ ಸದ್ದಿಗೇ ಗುರುತು ಹಿಡಿದಿರಬೇಕು, ಎದ್ದು ನಿಂತರು. ನಾನು ಅಡುಗೆಮನೆ ಬಾಗಿಲಲ್ಲಿ ನಿಂತೆ. ತಬ್ಬಿಕೊಳ್ಳುತ್ತಾರೋ, ಅಳುತ್ತಾರೋ, ಹಳೇ ಕಾಲಿನ ಲೆಕ್ಕ ತೆಗೆಯುತ್ತಾರೋ.

"ಬಾಯಿ ತೆಗಿ," ಅಂದರು ಡಾಕ್ಟರು.

ಮಾವ ಕೂತು ಬಾಯಿ ತೆಗೆದರು. ಟಾರ್ಚ್ ಹಾಕಿ ನೋಡಿದ ಡಾಕ್ಟರು, "ಅಯ್ಯೋ ನಿನ್ನ. ನೋವು ಎಡಗಡೇದಾ, ಬಲಗಡೇದಾ?"

"ಅದನ್ನ ಮಾತ್ರ ನನ್ನ ಕೇಳಬೇಡ," ಅಂದರು ಮಾವ.

ಇಬ್ಬರೂ ನಕ್ಕರು. ಟೀ ಮೂರು ಲೋಟ ಮಾಡಿದೆ, ನನ್ನದಕ್ಕೆ ಸಕ್ಕರೆ ಎರಡು ಸಲ ಬಿತ್ತು.

ಏಪ್ರಿಲ್ ೪, ಶುಕ್ರವಾರ

ಹಲ್ಲು ಹೋಯಿತು. ಚೀಟಿ ಬಂತು. ಹದಿನಾರಕ್ಕೆ ಕಣ್ಣು. ಕಿತ್ತ ಹಲ್ಲನ್ನು ಡಾಕ್ಟರು ಫಿಲ್ಮ್ ಡಬ್ಬಿಯಲ್ಲಿ ಹಾಕಿ, ಮುಚ್ಚಳದ ಮೇಲೆ 'ಸಾಕ್ಷಿ' ಅಂತ ಬರೆದು ಕೊಟ್ಟಿದ್ದಾರೆ.

ಏಪ್ರಿಲ್ ೯, ಬುಧವಾರ

ಡಾಕ್ಟರು ದಿನಾ ಸಂಜೆ ಬರುತ್ತಾರೆ, ಹಲ್ಲಿನ ಗಾಯ ನೋಡಲು. ಗಾಯ ನೋಡಲು ಎರಡೂವರೆ ಗಂಟೆ ಬೇಕಾಗುತ್ತದೆ. ಡಾರ್ಕ್‌ರೂಮಿನಲ್ಲಿ ಈಗ ಮೂರು ಜನ, ಬಕೆಟ್ಟಿಗೆ ಜಾಗವಿಲ್ಲ. ಕಪ್ಪಾಗಿ ಹೋದ ಹನ್ನೆರಡನೆಯದು ಮತ್ತೆ ಮಾಡಿದೆವು: ಟೆಂಟಿನ ಬಾಯಿಂದ ಕಂಡ ಬೆಳಗು, ಅಂಚಿನಲ್ಲಿ ಯಾರದೋ ಬೂಟಿನ ತುದಿ. ಹೊಸ ಪ್ರಾಸ:

ಎಡಕ್ಕಿತ್ತು ಕೊಳ, ಬಲಕ್ಕಿತ್ತು ಗುಡ್ಡ;
ನಡುವೆ ಇಬ್ಬರು ಮುದುಕರು, ಒಬ್ಬರಿಗೆ ಗಡ್ಡ.

ಡಾಕ್ಟರು ಬರೆದುಕೊಂಡರು. ಮಾವ, "ಅರ್ಧ ಸೆಕೆಂಡ್ ಕಮ್ಮಿ" ಅಂದರು.

ಮಳೆ ಕಳೆದ ಮೇಲೆ ಒಂಟಿಮೂಗಿಗೆ ಹೋಗುವ ಮಾತಾಗಿದೆ. ಸೀಳು ಬಂಡೆಯವರೆಗಾದರೂ. ಬೂಟಿಗೆ ಅಂತ ನನ್ನ ಕಾಲಿನ ಅಳತೆ ಕೇಳಿದರು. ನಾನು ಬರುತ್ತೇನೆಂದು ಹೇಳಿಯೇ ಇರಲಿಲ್ಲ. ಅಳತೆ ಮಾತ್ರ ಹೇಳಿದೆ.

ಏಪ್ರಿಲ್ ೧೭, ಗುರುವಾರ

ನಿನ್ನೆ ಆಪರೇಷನ್ ಆಯಿತು. ಇವತ್ತು ಎಡಗಣ್ಣಿನ ಕಟ್ಟು ಬಿಚ್ಚಿದರು. ಇವರು ರಜೆ ಹಾಕಿ ಬಂದಿದ್ದರು, ಬಾಗಿಲ ಹತ್ತಿರ ನಿಂತು ಉಗುರು ಕಚ್ಚುತ್ತಿದ್ದರು. ಹಲ್ಲಿನ ಡಾಕ್ಟರು ಮಂಚದ ಪಕ್ಕ. ಮಾವ ಹೇಳಿದ್ದು ನೆನಪಿತ್ತು, ಮೊದಲು ಬೆಟ್ಟ ನೋಡಬೇಕು ಅಂತ. ಸರಿಯಾದ ಒಂಟಿಮೂಗಿನ ದೊಡ್ಡ ಪ್ರಿಂಟನ್ನು ಎರಡೂ ಕೈಯಲ್ಲಿ ಅವರೆದುರಿಗೆ ಎತ್ತಿ ಹಿಡಿದೆ. ಬೆಟ್ಟದ ಹಿಂದೆ ನಾನು, ನನಗೇನೂ ಕಾಣುತ್ತಿರಲಿಲ್ಲ.

ಡಾಕ್ಟರಮ್ಮ ಹತ್ತಿ ತೆಗೆದ ಸದ್ದು. ಕಣ್ಣು ಮಿಟುಕಿಸಲು ಹೇಳಿದರು. ಮನಸ್ಸಿನಲ್ಲೇ ಎಂಟು ಸೆಕೆಂಡಿನ ಪ್ರಾಸ ಹೇಳಿ ಮುಗಿಸಿದೆ.

"ಅದನ್ನ ಸ್ವಲ್ಪ ಪಕ್ಕಕ್ಕೆ ಹಿಡಿಯಮ್ಮ," ಅಂದರು ಮಾವ.

"ಯಾವ ಪಕ್ಕಕ್ಕೆ?"

"ಯಾವ ಪಕ್ಕಾದ್ರೂ ಸರಿ. ನಿನ್ನ ಮುಖಕ್ಕೆ ಅಡ್ಡ ಬರ್ತಿದೆ."

ಎಡಕ್ಕೆ ಹಿಡಿದೆ.